ಹಿತ್ತಲಿಗೆ ಯಾವ ಕಹಿ ಒಗ್ಗುತ್ತದೆ? ನೆಲಬೇವು, ಆಡುಸೋಗೆ, ಅಮೃತಬಳ್ಳಿ, ಮಾಚಿಪತ್ರೆ: ಮೈಸೂರು-ಮಂಡ್ಯ ಕಡೆಯವರಿಗೆ

ಭರಣಿ ಮಳೆ ಬಿದ್ದ ಮಾರನೆಯ ದಿನ ನಮ್ಮ ಓರಗಿತ್ತಿ ಮಂಡ್ಯದಿಂದ ಫೋನ್ ಮಾಡಿದಳು. "ಅಕ್ಕಾ, ನರ್ಸರೀಲಿ ನಿಂತಿದೀನಿ. ನೆಲಬೇವು ತಗೊಳ್ಳಲಾ, ಅಮೃತಬಳ್ಳಿ ತಗೊಳ್ಳಲಾ? ಆಡುಸೋಗೇನೂ ತೋರಿಸ್ತಾವ್ರೆ. ಎಲ್ಲಾ ಕಹೀನೇ ಅಂತೆ."

"ನಿಮ್ಮನೇಲಿ ಬಿಸಿಲು ಬೀಳೋ ಜಾಗ ಎಷ್ಟಿದೆ ಹೇಳು ಮೊದ್ಲು" ಅಂದೆ.

"ಮದ್ದಿನ ಗಿಡ ಕೇಳಿದ್ರೆ ಬಿಸಿಲಿನ ಲೆಕ್ಕ ಕೇಳ್ತೀಯಲ್ಲಕ್ಕಾ!"

ಅವಳೊಬ್ಬಳೇ ಅಲ್ಲ, ನಮ್ಮ ಬೀದಿಯಲ್ಲೂ ಹೀಗೇ. ಕಹಿ ಗಿಡವನ್ನು ಜನ ಕಾಯಿಲೆ ನೋಡಿ ಆರಿಸುತ್ತಾರೆ. ಜ್ವರಕ್ಕೆ ಇದು, ಕೆಮ್ಮಿಗೆ ಅದು, ಸಕ್ಕರೆ ಕಾಯಿಲೆಗೆ ಇನ್ನೊಂದು ಅಂತ ವಾಟ್ಸಾಪಿನಲ್ಲಿ ಬಂದ ಪಟ್ಟಿ ಹಿಡಿದು ಹೋಗಿ ಆರು ಕುಂಡ ತರುತ್ತಾರೆ. ಮುಂದಿನ ಶಿವರಾತ್ರಿ ಹೊತ್ತಿಗೆ ಒಂದು ಉಳಿದಿರುತ್ತದೆ. ಆ ಒಂದು ಯಾಕೆ ಉಳಿಯಿತು ಅಂತ ನೋಡಿದರೆ, ಕಾಯಿಲೆಗೂ ಅದಕ್ಕೂ ಸಂಬಂಧವಿಲ್ಲ. ಆ ಮನೆಯ ಬಿಸಿಲು, ನೀರು, ನೀರು ಹಾಕುವವರ ಸೋಮಾರಿತನ ಇಷ್ಟಕ್ಕೂ ಹೊಂದಿಕೊಂಡ ಗಿಡ ಅದು. ಹತ್ತು ವರ್ಷದಲ್ಲಿ ಈ ನಾಲ್ಕನ್ನೂ ಬೆಳೆಸಿ, ಎರಡನ್ನು ಕೊಂದು, ಒಂದನ್ನು ಕಿತ್ತೆಸೆಯಲು ಹೋಗಿ ಸೋತಿರುವ ನಾನು ಹೇಳುವುದು ಇಷ್ಟು: ಗಿಡದ ಗುಣ ಆಮೇಲೆ ಓದಿ, ಮೊದಲು ನಿಮ್ಮ ಮನೆಯನ್ನು ಓದಿಕೊಳ್ಳಿ.

ಮನೆ ಓದಿಕೊಳ್ಳುವುದು ಹೇಗೆ

ಜಾಗದಿಂದ ಶುರು ಮಾಡೋಣ. ಇಪ್ಪತ್ತು-ಮೂವತ್ತರ ಸೈಟಿನಲ್ಲಿ ನೆಲವೇ ಇರುವುದಿಲ್ಲ, ಇರುವುದು ತಾರಸಿ. ಮೂವತ್ತು-ನಲವತ್ತರಲ್ಲಿ ಕಾಂಪೌಂಡಿಗೂ ಗೋಡೆಗೂ ನಡುವೆ ಮೂರಡಿ ಓಣಿ ಸಿಗುತ್ತದೆ, ಅದರಲ್ಲಿ ಅರ್ಧ ದಿನ ನೆರಳು. ಹಳ್ಳಿ ಹಿತ್ತಲಾದರೆ ಜಾಗ ಧಾರಾಳ, ಆದರೆ ಕುರಿ, ಆಡು, ಕೋಳಿ ಎಲ್ಲ ಪಾಲುದಾರರು.

ಆಮೇಲೆ ಮಣ್ಣು, ನೀರು. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ. ವರ್ಷದ ಮಳೆ ಹೆಚ್ಚೂಕಡಿಮೆ 800 ಮಿಲಿಮೀಟರ್. ಅದು ಕರಾವಳಿಯ ಹಾಗೆ ಜೂನ್-ಜುಲೈನಲ್ಲಿ ಒಟ್ಟಿಗೆ ಸುರಿಯುವುದಿಲ್ಲ. ಮೇ ತಿಂಗಳಲ್ಲಿ ಗುಡುಗಿ ಒಂದು ಸುತ್ತು, ಮತ್ತೆ ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಇನ್ನೊಂದು ಸುತ್ತು. ನಡುವೆ ಸೋನೆ, ಮೋಡ. ಆಮೇಲೆ ಜನವರಿಯಿಂದ ಮಾರ್ಚ್‌ವರೆಗೆ ಮಳೆ ತೀರಾ ಅಪರೂಪವಾದ ಒಣ ಕಾಲ. ಹಾಗಾಗಿ ಇಲ್ಲಿ ಗಿಡಕ್ಕೆ ಎರಡು ಪರೀಕ್ಷೆ: ಅಕ್ಟೋಬರಿನ ಒದ್ದೆಯಲ್ಲಿ ಬೇರು ಕೊಳೆಯಬಾರದು, ಮಾರ್ಚ್‌ನ ಬಿಸಿಲಲ್ಲಿ ಸುಟ್ಟುಹೋಗಬಾರದು. ನಮ್ಮ ಕೆಮ್ಮಣ್ಣು ನೀರನ್ನು ಬೇಗ ಬಿಡುತ್ತದೆ, ಆ ಮಟ್ಟಿಗೆ ಅನುಕೂಲ. ಮಂಡ್ಯದ ನಾಲೆ ಬಯಲಿನವರ ಕಥೆ ಬೇರೆ. ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ಬಿಟ್ಟರೆ ಸಾಕು, ಪಕ್ಕದ ಭತ್ತದ ಗದ್ದೆಯ ತೇವ ಹಿತ್ತಲಿಗೂ ಬಸಿದು ಬರುತ್ತದೆ. ಅಲ್ಲಿ ಏನೇ ನೆಟ್ಟರೂ ಅರ್ಧ ಅಡಿ ಏರುಮಡಿ ಮಾಡಿಯೇ ನೆಡಬೇಕು.

ಮೂರನೆಯದು, ಗಿಡ ಎಷ್ಟು ದಿನ ಇರಬೇಕು ಅನ್ನುವುದು. ಪ್ರತಿ ವರ್ಷ ಬೀಜ ಹಾಕಿ, ಸಸಿ ಕಿತ್ತು ನೆಟ್ಟು, ಕೊಯ್ದು ಒಣಗಿಸುವ ಉತ್ಸಾಹ ಇದೆಯೋ? ಒಮ್ಮೆ ನೆಟ್ಟು ಮರೆತುಬಿಡುವ ಜಾತಿಯವರೋ? ಇದರಲ್ಲಿ ಸುಳ್ಳು ಹೇಳಿಕೊಳ್ಳಬೇಡಿ.

ಕೊನೆಯದು, ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡದು: ಮನೆಯಲ್ಲಿ ಯಾರಿದ್ದಾರೆ. ಬಸುರಿ ಇದ್ದರೆ ಈ ನಾಲ್ಕರಲ್ಲಿ ಒಂದನ್ನೂ ವೈದ್ಯರನ್ನು ಕೇಳದೆ ಕುಡಿಸುವ ಹಾಗಿಲ್ಲ. ಸಕ್ಕರೆ ಮಾತ್ರೆ, ಬಿಪಿ ಮಾತ್ರೆ, ರಕ್ತ ತೆಳು ಮಾಡುವ ಮಾತ್ರೆ ನುಂಗುತ್ತಿರುವ ಹಿರಿಯರಿದ್ದರೆ ಅವರೂ ಕೇಳಿಯೇ ಕುಡಿಯಬೇಕು. ಮಾತ್ರೆಯೂ ಸಕ್ಕರೆ ಇಳಿಸಿ, ಕಷಾಯವೂ ಇಳಿಸಿದರೆ ಬೆಳಗಿನ ಹೊತ್ತು ತಲೆಸುತ್ತಿ ಬೀಳುವುದು ಅವರೇ.

ಖರ್ಚಿನ ಮಾತು ಬೇಕಾದರೆ, ನಾಲ್ಕೂ ಅಗ್ಗ. ದುಡ್ಡು ಹೋಗುವುದು ಗಿಡಕ್ಕಲ್ಲ, ಕುಂಡಕ್ಕೆ, ಮಣ್ಣಿಗೆ, ಚಪ್ಪರಕ್ಕೆ.

ನೆಲಬೇವು

ಕಹಿ ಅಂದರೆ ಇದೇ ಕಹಿ, ಉಳಿದವು ಇದರ ಮುಂದೆ ಸಪ್ಪೆ. ಸಂಸ್ಕೃತದಲ್ಲಿ ಭೂನಿಂಬ, ಹಿಂದಿಯವರಿಗೆ ಕಾಲಮೇಘ. ತಮಿಳುನಾಡಿನಲ್ಲಿ ಡೆಂಗ್ಯೂ ಹಬ್ಬಿದಾಗ ಸರ್ಕಾರವೇ ಹಂಚಿದ ನಿಲವೇಂಬು ಕಷಾಯದ ನಿಲವೇಂಬು ಇದೇ, ಅದರ ಜೊತೆ ಬೇರೆ ಬೇರುಗಡ್ಡೆಗಳೂ ಇರುತ್ತವೆ. ಗ್ರಂಧಿಗೆ ಅಂಗಡಿಯಲ್ಲಿ ಕಿರಾತಕಡ್ಡಿ ಕೇಳಿದರೂ ಹಲವು ಸಲ ಇದನ್ನೇ ಕಟ್ಟಿಕೊಡುತ್ತಾರೆ. ನಿಜವಾದ ಕಿರಾತಕಡ್ಡಿ, ಅಂದರೆ ಚಿರಾಯತ, ಹಿಮಾಲಯದ ಗಿಡ, ನಮ್ಮ ಸೆಕೆಯಲ್ಲಿ ಬಾಳುವಂಥದ್ದಲ್ಲ. ಯಾರಾದರೂ ಚಿರಾಯತದ ಬೀಜ ಅಂತ ಮಾರಿದರೆ ಕೈ ಮುಗಿದು ಬನ್ನಿ.

ನೋಡಲು ಮೆಣಸಿನ ಸಸಿಯ ಹಾಗೇ. ನಮ್ಮತ್ತೆ ಮೊದಲ ವರ್ಷ ಅದಕ್ಕೆ ದಿನಾ ನೀರು ಹಾಕಿ "ಕಾಯಿ ಯಾವಾಗ ಬಿಡ್ತದೆ ಇದು?" ಅಂತ ಕಾದರು. ಗುರುತು ಸುಲಭ. ಕಾಂಡವನ್ನು ಬೆರಳಿನ ನಡುವೆ ಹೊರಳಿಸಿ ನೋಡಿ, ನಾಲ್ಕು ಮೂಲೆ ಸಿಗುತ್ತದೆ. ಎಲೆಗಳು ಎದುರುಬದುರು ಜೋಡಿಯಾಗಿ ಕೂತಿರುತ್ತವೆ. ಹೂವು ಗುಲಗಂಜಿಗಿಂತ ಸ್ವಲ್ಪ ದೊಡ್ಡದು, ಬಿಳಿಯ ಮೇಲೆ ನೇರಳೆ ಚುಕ್ಕೆ. ಇದು ಕನಕಾಂಬರದ ಕುಟುಂಬಕ್ಕೇ ಸೇರಿದ್ದು, ಕಾಯಿ ಒಣಗಿದರೆ ಅದರ ಹಾಗೇ ಚಟ್ಟನೆ ಸಿಡಿದು ಬೀಜ ಎಸೆಯುತ್ತದೆ.

ಬೀಜದ ವಿಷಯದಲ್ಲಿ ನಾನು ಕಲಿತದ್ದು ಒಂದು ವರ್ಷ ಹಾಳು ಮಾಡಿ. ಬೀಜ ಸಾಸಿವೆಗಿಂತ ಸಣ್ಣದು, ಹಳದಿ-ಕಂದು ಬಣ್ಣ, ಸಿಪ್ಪೆ ಗಟ್ಟಿ. ನಾನು ಹುರುಳಿಕಾಯಿ ಬೀಜ ಊರುವ ಹಾಗೆ ಒಂದಿಂಚು ಆಳಕ್ಕೆ ಊರಿದೆ. ಒಂದೂ ಏಳಲಿಲ್ಲ. ಮರುವರ್ಷ ಒಂದು ರಾತ್ರಿ ನೆನೆಹಾಕಿ, ಮರಳಿನ ಜೊತೆ ಬೆರೆಸಿ, ಮಣ್ಣಿನ ಮೇಲೆ ರಾಗಿ ಚೆಲ್ಲಿದ ಹಾಗೆ ಉದುರಿಸಿ, ಮೇಲೆ ಒಂದು ಚಿಟಿಕೆ ಗೊಬ್ಬರದ ಪುಡಿ ಮುಚ್ಚಿ, ಒದ್ದೆ ಗೋಣಿತಾಟು ಹೊದಿಸಿದೆ. ಹತ್ತನೇ ದಿನಕ್ಕೆ ಮೊಳಕೆ ಕಂಡವು. ಒಂದೇ ದಿನ ಎಲ್ಲ ಏಳುವುದಿಲ್ಲ, ಮೂರು ವಾರ ಎಳೆದಾಡುತ್ತವೆ, ಗಾಬರಿಯಾಗಬೇಡಿ. ತಾಟನ್ನು ಮೊಳಕೆ ಕಂಡ ದಿನವೇ ತೆಗೆಯಿರಿ.

ಇದಕ್ಕೆ ಕಾಲ ಮುಖ್ಯ. ಮೇ ಕೊನೆಗೆ ಬೀಜ, ಜುಲೈ ಹೊತ್ತಿಗೆ ನಾಲ್ಕೆಲೆ-ಆರೆಲೆಯ ಸಸಿಯನ್ನು ಕಿತ್ತು ನೆಡುವುದು. ಗಿಡದಿಂದ ಗಿಡಕ್ಕೆ ಒಂದಡಿ ಬಿಟ್ಟರೆ ಸಾಕು. ಹನ್ನೆರಡು ಇಂಚಿನ ಗ್ರೋ ಬ್ಯಾಗಿನಲ್ಲಿ ಎರಡು ಗಿಡ ಆರಾಮಾಗಿ ಬರುತ್ತವೆ. ಅರ್ಧ ದಿನ ಬಿಸಿಲಿದ್ದರೂ ಬೇಸರವಿಲ್ಲ, ಹಾಗಾಗಿ ಕಾಂಪೌಂಡಿನ ಓಣಿಗೂ ಸರಿ. ನೆಟ್ಟು ಮೂರು-ಮೂರೂವರೆ ತಿಂಗಳಿಗೆ, ಹೂ ಕಾಣಲು ಶುರುವಾದಾಗ, ಬುಡದಿಂದ ಗೇಣುದ್ದ ಬಿಟ್ಟು ಕೊಯ್ಯಿರಿ. ಎಲೆಯಲ್ಲಿ ಕಹಿಯಂಶ ತುಂಬಿರುವುದು ಆಗಲೇ. ಬುಡ ಮತ್ತೆ ಚಿಗುರಿ ಎರಡನೇ ಸಣ್ಣ ಕೊಯ್ಲು ಕೊಡುತ್ತದೆ. ಕೊಯ್ದದ್ದನ್ನು ನೆರಳಲ್ಲಿ ಒಣಗಿಸಿ. ನನಗೆ ಆರು ಗಿಡಕ್ಕೆ ಒಂದು ಹಾರ್ಲಿಕ್ಸ್ ಬಾಟಲಿ ತುಂಬುತ್ತದೆ. ಇದರ ಕಷಾಯವನ್ನು ದಿನಾ ಕಾಫಿಯ ಹಾಗೆ ಕುಡಿಯುವವರಿಲ್ಲ, ಒಂದು ಸಂಸಾರಕ್ಕೆ ವರ್ಷಕ್ಕೆ ಅಷ್ಟು ಬೇಕಾದಷ್ಟಾಯಿತು.

ಒಂದು ಎಚ್ಚರಿಕೆ: ಒಣಗಿದ ಸೊಪ್ಪು ಬಿಡಿಸಿದ ದಿನ ಅಡಿಗೆಮನೆಗೆ ಹೋಗಬೇಡಿ. ನಾನು ಸೋಪು ಹಾಕಿ ಕೈ ತೊಳೆದೇ ಮುದ್ದೆ ಕಟ್ಟಿದೆ. ಮನೆಯವರು ಮೊದಲ ತುತ್ತು ನುಂಗಿ ನನ್ನ ಮುಖ ನೋಡಿದ ರೀತಿ ಇನ್ನೂ ನೆನಪಿದೆ. ಆರು ಮುದ್ದೆ ಪಕ್ಕದ ಮನೆ ಹಸುವಿನ ಮುಂದಿಟ್ಟರೆ ಅದೂ ಮೂಸಿ ತಿರುಗಿಕೊಂಡಿತು.

ಕೊರತೆ ಏನೆಂದರೆ ಇದು ಒಂದು ವರ್ಷದ ಗಿಡ. ಬೀಜ ಬಿಟ್ಟ ಮೇಲೆ ಸಂಕ್ರಾಂತಿ ಆಚೀಚೆ ಒಣಗುತ್ತದೆ. ಎರಡು ಗಿಡವನ್ನು ಕೊಯ್ಯದೆ ಬಿಟ್ಟರೆ ಸಿಡಿದ ಬೀಜದಿಂದ ಮುಂದಿನ ಮುಂಗಾರಿಗೆ ಸಿಮೆಂಟಿನ ಬಿರುಕಿನಲ್ಲೂ ಸಸಿ ಏಳುತ್ತವೆ. ಅದು ಗೊತ್ತಿಲ್ಲದೆ ಜನ ಇದನ್ನು ದಸರಾ ಫಲಪುಷ್ಪ ಪ್ರದರ್ಶನ ನೋಡಿ ಬರುವಾಗ ಕೊಂಡುತರುತ್ತಾರೆ. ಆ ಹೊತ್ತಿಗೆ ಅದರ ಆಯಸ್ಸು ಮುಗಿಯುತ್ತಾ ಬಂದಿರುತ್ತದೆ. ಡಿಸೆಂಬರಿನಲ್ಲಿ ಹಳದಿಯಾದರೆ "ನನ್ನ ಕೈಗುಣ ಸರಿಯಿಲ್ಲ" ಅಂತ ಅಳುವುದು ಬೇಡ. ದಸರೆಯಲ್ಲಿ ಏನಾದರೂ ಕೊಳ್ಳಲೇಬೇಕು ಅಂದರೆ ಮುಂದಿನ ಗಿಡ ನೋಡಿ.

ಆಡುಸೋಗೆ

ಆಡು ಮುಟ್ಟದ ಸೊಪ್ಪಿಲ್ಲ ಅನ್ನುತ್ತಾರಲ್ಲ, ಆ ಗಾದೆ ಮಾಡಿದವರ ಮನೆ ಬೇಲಿಯಲ್ಲಿ ಆಡುಸೋಗೆ ಇರಲಿಲ್ಲ ಅಂತ ಕಾಣುತ್ತದೆ. ಪಾಂಡವಪುರದ ಹತ್ತಿರ ನಮ್ಮತ್ತೆಯ ತವರಿನಲ್ಲಿ ಹಿತ್ತಲಿನ ಸುತ್ತ ಇದೇ ಬೇಲಿ. ಬೀದಿಯ ಆಡುಗಳು ಬದಿಯ ಹೊಂಗೆ ಚಿಗುರು, ದಾಸವಾಳ, ಕೊನೆಗೆ ಒಣಹಾಕಿದ ಲಂಗದ ಅಂಚನ್ನೂ ತಿಂದು ಇದನ್ನು ಬಿಟ್ಟು ಹೋಗುತ್ತವೆ. ತಮಿಳಿನಲ್ಲಂತೂ ಇದರ ಹೆಸರಿನ ಅರ್ಥವೇ ಆಡು ಮುಟ್ಟದ್ದು ಅಂತ ವಿವರಿಸುತ್ತಾರೆ.

ಹಳ್ಳಿ ಹಿತ್ತಲಿಗೆ ನನ್ನ ಮೊದಲ ಆಯ್ಕೆ ಇದೇ, ಯೋಚನೆಯೇ ಬೇಡ. ಆಡು-ಕುರಿ ಮುಟ್ಟುವುದಿಲ್ಲ, ನೀರು ಕೇಳುವುದಿಲ್ಲ, ಮಾರ್ಚ್‌ನಲ್ಲಿ ಎಲೆ ಜೋಲುಬಿದ್ದರೂ ಸಾಯುವುದಿಲ್ಲ. ಆಳೆತ್ತರದ ಪೊದೆಯಾಗುತ್ತದೆ, ಕತ್ತರಿಸಿದಷ್ಟೂ ದಟ್ಟವಾಗುತ್ತದೆ. ನಾನು ಇದಕ್ಕೆ ಇದುವರೆಗೆ ಒಂದು ಪೈಸೆ ಖರ್ಚು ಮಾಡಿಲ್ಲ. ಊರಿನಿಂದ ಬರುವಾಗ ಬೆರಳು ದಪ್ಪದ, ಮೂರು-ನಾಲ್ಕು ಗೆಣ್ಣಿರುವ ಗೇಣುದ್ದದ ಕಡ್ಡಿಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದೆ. ಎರಡು ಗೆಣ್ಣು ಮಣ್ಣೊಳಗೆ ಹೋಗುವ ಹಾಗೆ ಚುಚ್ಚಿದೆ. ಐದರಲ್ಲಿ ನಾಲ್ಕು ಬದುಕಿದವು. ಜೂನ್-ಜುಲೈ ಮೋಡದಲ್ಲಿ ಚುಚ್ಚಿದರೆ ಬೇಗ ಹಿಡಿಯುತ್ತದೆ, ಆದರೆ ದಸರೆಯ ಹೊತ್ತಿಗೆ ನೆಟ್ಟರೂ ನಡೆಯುತ್ತದೆ.

ಬಳಸುವುದು ಎಲೆ, ಕೆಮ್ಮು-ಕಫಕ್ಕೆ ಅಂತ. ಇದಕ್ಕೆ ಒಂದು ಗಟ್ಟಿ ಪುರಾವೆ ನಿಮ್ಮ ಮನೆಯ ಔಷಧದ ಡಬ್ಬಿಯಲ್ಲೇ ಇರಬಹುದು. ಕಫ ಕರಗಿಸುವ ಸಿರಪ್ಪುಗಳ ಮೇಲೆ ಬ್ರೋಮ್‌ಹೆಕ್ಸಿನ್ ಅಂತ ಬರೆದಿರುತ್ತದಲ್ಲ, ಅದನ್ನು ರೂಪಿಸಿದ್ದು ಈ ಎಲೆಯಲ್ಲಿರುವ ವ್ಯಾಸಿಸಿನ್ ಎಂಬ ಅಂಶವನ್ನು ಮಾದರಿಯಾಗಿಟ್ಟುಕೊಂಡು. ಹಾಗಂತ ಎಲೆಯನ್ನು ಮಿಕ್ಸಿಗೆ ಹಾಕಿದರೆ ರಸ ಬರುವುದಿಲ್ಲ, ಹಸಿರು ಕೆಸರು ಬರುತ್ತದೆ. ನಮ್ಮತ್ತೆ ಮಾಡುವ ಕ್ರಮ ನೋಡಿ: ಎಲೆಗಳನ್ನು ಕಾದ ಕಾವಲಿಯ ಮೇಲೆ ಹರಡಿ, ಬಣ್ಣ ಮಾಸಿ ಮೆತ್ತಗಾಗುವವರೆಗೆ ಮಗುಚಿ, ಬಿಸಿ ಇರುವಾಗಲೇ ಬಟ್ಟೆಯಲ್ಲಿ ಗಂಟು ಕಟ್ಟಿ ಹಿಂಡುತ್ತಾರೆ. ಹತ್ತು ಎಲೆಗೆ ಒಂದೆರಡು ಚಮಚ ಬರುತ್ತದೆ. ಆಯುರ್ವೇದದ ಪುಟಪಾಕ ಅನ್ನುವ ಕ್ರಮವೂ ಇದೇ ಉಪಾಯದ್ದು, ಎಲೆಗೆ ಕಾವು ಕೊಟ್ಟು ರಸ ತೆಗೆಯುವುದು. ಆ ರಸಕ್ಕೆ ಜೇನು ಬೆರೆಸಿ ಕೊಡುತ್ತಾರೆ.

ಇದಕ್ಕೆ ಗರ್ಭಕೋಶವನ್ನು ಕುಗ್ಗಿಸುವ ಗುಣ ಇದೆ, ಬಸುರಿಯರು ಇದರ ತಂಟೆಗೇ ಹೋಗಬಾರದು.

ತಾರಸಿಯವರಿಗೆ ಇದು ಹೊಂದುತ್ತದಾ? ಹದಿನೆಂಟು ಇಂಚಿನ ಕುಂಡ ಬೇಕು, ವರ್ಷಕ್ಕೆ ಎರಡು ಸಲ ಕತ್ತರಿ ಆಡಿಸಬೇಕು. ಮಾಡಬಹುದು, ಆದರೆ ಅಂದ ಕಡಿಮೆ. ಬೇಸಿಗೆಯ ಮುಂಚೆ ಬಿಡುವ, ನೇರಳೆ ಗೆರೆಯ ಬಿಳಿ ಹೂಗಳಿಗೆ ಜೇನುನೊಣ ಮುತ್ತುವುದನ್ನು ಬಿಟ್ಟರೆ ನೋಡಲು ಏನೂ ಇಲ್ಲ. ಎಲೆ ಮುರಿದರೆ ವಾಸನೆಯೂ ಅಷ್ಟಕ್ಕಷ್ಟೆ. ಮನೆಯ ಮುಂಭಾಗಕ್ಕೆ ಬೇಡ.

ಅಮೃತಬಳ್ಳಿ

ಇದನ್ನು ಬೆಳೆಸುವುದು ಕಷ್ಟವಲ್ಲ, ನಿಲ್ಲಿಸುವುದು ಕಷ್ಟ. ಪೆನ್ಸಿಲ್ ದಪ್ಪದ ತುಂಡು ಚುಚ್ಚಿ, ಹದಿನೈದು ದಿನಕ್ಕೆ ಚಿಗುರು. ಮೊದಲ ಮಳೆಗಾಲದಲ್ಲಿ ನಮ್ಮ ಬಳ್ಳಿ ನುಗ್ಗೆಮರ ಏರಿತು. ಎರಡನೆಯದರಲ್ಲಿ ಅಲ್ಲಿಂದ ಕೇಬಲ್ ವೈರ್ ಹಿಡಿದು ಪಕ್ಕದ ಮನೆಯ ಪೋರ್ಟಿಕೋ ತಲುಪಿತು. ಅವರು ಸಿಟ್ಟಾಗಿ ನಮ್ಮ ಕಡೆಯ ಬುಡವನ್ನೇ ಕತ್ತರಿಸಿದರು. ಸತ್ತಿತು ಅಂದುಕೊಂಡೆವು. ಮೇಲಿದ್ದ ತುಂಡು ಗಾಳಿಯಲ್ಲೇ ನೇತಾಡುತ್ತಾ, ಒಂದು ತಿಂಗಳಲ್ಲಿ ಸಣಬಿನ ದಾರದಂಥ ಬೇರುಗಳನ್ನು ಕೆಳಗೆ ಇಳಿಬಿಟ್ಟಿತು. ಅವು ಅವರ ಸಂಪಿನ ಪಕ್ಕದ ಮಣ್ಣಿಗೇ ಇಳಿದು ಊರಿಕೊಂಡವು. ಈಗ ಅದು ಅವರ ಬಳ್ಳಿ. ಸಂಸ್ಕೃತದವರು ಇದಕ್ಕೆ ಛಿನ್ನರುಹ, ಅಂದರೆ ಕತ್ತರಿಸಿದರೂ ಬೆಳೆಯುವುದು ಅಂತ ಹೆಸರಿಟ್ಟದ್ದು ಸುಮ್ಮನೆ ಅಲ್ಲ.

ಹಾಗಾಗಿ ಇದು ಮರವಿದ್ದವರ ಗಿಡ. ಹಿತ್ತಲಲ್ಲಿ ಬೇವಿದ್ದರೆ ಅತ್ಯುತ್ತಮ, ಬೇವಿನ ಮೇಲೆ ಹಬ್ಬಿದ್ದಕ್ಕೆ ವೈದ್ಯರಲ್ಲೂ ಮರ್ಯಾದೆ ಜಾಸ್ತಿ. ಮರ ಇಲ್ಲದವರು ಕಬ್ಬಿಣದ ಪೈಪಿನ ಕಮಾನು ಮಾಡಿಸಬೇಕು, ಅಲ್ಲಿಗೆ ಅಗ್ಗದ ಗಿಡ ದುಬಾರಿಯಾಯಿತು. ವಿದ್ಯುತ್ ಕಂಬದ ಹತ್ತಿರ ಮಾತ್ರ ಖಂಡಿತಾ ಬೇಡ. ಬಳಸುವುದು ಮುಖ್ಯವಾಗಿ ಕಾಂಡ, ಅದೂ ಹೆಬ್ಬೆರಳು ದಪ್ಪ ಆದ ಮೇಲೆ. ಅಲ್ಲಿಗೆ ಎರಡು ವರ್ಷ ಕಾಯಬೇಕು. ಎಲೆ ಉದುರಿಸಿ ಬೋಳಾಗುವ ಒಣ ಕಾಲದಲ್ಲಿ "ಒಣಗಿಹೋಯ್ತು" ಅಂತ ಕಿತ್ತವರು ನನಗೇ ಇಬ್ಬರು ಗೊತ್ತು. ಕಾಂಡವನ್ನು ಉಗುರಿನಿಂದ ಗೀರಿ ನೋಡಿ, ಒಳಗೆ ಹಸಿರಿದ್ದರೆ ಜೀವ ಇದೆ.

ಇಷ್ಟೆಲ್ಲ ಹೇಳಿದರೂ, ಈ ಬಳ್ಳಿಯಲ್ಲಿ ನನಗಿರುವ ದೊಡ್ಡ ಚಿಂತೆ ಬೇರೆ. ಕೋವಿಡ್ ಕಾಲದಲ್ಲಿ ಎಲ್ಲರೂ ಲೋಟಗಟ್ಟಲೆ ಕುಡಿದರು. 2021ರಲ್ಲಿ ಮುಂಬೈನ ವೈದ್ಯರು, ಇದನ್ನು ಸೇವಿಸಿದ ಕೆಲವರಲ್ಲಿ ಯಕೃತ್ತಿಗೆ ಪೆಟ್ಟು ಬಿದ್ದದ್ದನ್ನು ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಅಸಲಿ ಅಮೃತಬಳ್ಳಿ ಸುರಕ್ಷಿತ, ಅದರ ಹತ್ತಿರದ ಸೋದರ ಜಾತಿಯೊಂದು ಹಾನಿಕರ, ಎರಡನ್ನೂ ಗೊಂದಲ ಮಾಡಿಕೊಳ್ಳಬೇಡಿ ಅಂತ 2022ರಲ್ಲಿ ಹೇಳಿತು. ವಾದ ಅವರವರದ್ದಿರಲಿ, ನಮಗೆ ಬೇಕಾದ್ದು ಬಳ್ಳಿಯ ಗುರುತು. ಅಸಲಿ ಬಳ್ಳಿಯ ಕಾಂಡ ಹಸಿರು ಛಾಯೆಯದು, ಮೇಲೆ ಕಾಗದದಂಥ ತೆಳು ಸಿಪ್ಪೆ ಸುಲಿಯುತ್ತದೆ, ಗಂಟುಗಳಿಲ್ಲ. ಇನ್ನೊಂದರ ಕಾಂಡ ಬೂದು ಬಣ್ಣ, ಮೈತುಂಬ ನರುಲಿಯಂಥ ಎದ್ದ ಗಂಟುಗಳು, ಕತ್ತರಿಸಿದರೆ ಹಾಲಿನಂಥ ಒಸರು.

ನಾನು ಎರಡನೇ ಸಲ ಬಳ್ಳಿ ತಂದದ್ದು ಒಂದು ನರ್ಸರಿಯಿಂದ, 50 ರೂಪಾಯಿ, ಚೀಟಿಯಲ್ಲಿ ಅಮೃತಬಳ್ಳಿ ಅಂತಲೇ ಇತ್ತು. ಎಳೆಯದಿದ್ದಾಗ ಎಲೆ ಎರಡರದ್ದೂ ಹೃದಯದ ಆಕಾರ, ವ್ಯತ್ಯಾಸ ಕಾಣಲಿಲ್ಲ. ಒಂದು ವರ್ಷ ಬಲಿತ ಮೇಲೆ ಕಾಂಡದ ಮೇಲೆ ಕೈಯಾಡಿಸಿದರೆ ಹಾಗಲಕಾಯಿ ಮುಟ್ಟಿದ ಹಾಗೆ! ಬುಡಸಮೇತ ಕಿತ್ತು, ಬಿಸಿಲಲ್ಲಿ ಒಣಗಿಸಿ ಸುಟ್ಟೆ. ಮಾರಿದವರಿಗೂ ಗೊತ್ತಿರಲಿಲ್ಲ ಅನಿಸುತ್ತದೆ. ಅದಕ್ಕೇ ಈ ಬಳ್ಳಿಯನ್ನು ಎಳೆ ಸಸಿಯಾಗಿ ಕೊಳ್ಳಬೇಡಿ. ಹಬ್ಬಿ, ಬಲಿತು, ಹತ್ತು ಜನ ನೋಡಿ ಒಪ್ಪಿದ ಬಳ್ಳಿಯಿಂದ ಕಡ್ಡಿ ಕೇಳಿ ತನ್ನಿ. ಅನುಮಾನ ಇದ್ದರೆ ತುಂಡನ್ನು ಹಿಡಿದುಕೊಂಡು ಸಯ್ಯಾಜಿರಾವ್ ರಸ್ತೆಯ ಸರ್ಕಾರಿ ಆಯುರ್ವೇದ ಕಾಲೇಜಿನ ಆಸ್ಪತ್ರೆಗೆ ಹೋಗಿ. 1908ರಲ್ಲಿ ಶುರುವಾದ ಸಂಸ್ಥೆ ಅದು, ಗಿಡ ಗುರುತಿಸುವವರು ಅಲ್ಲಿಲ್ಲದೆ ಇನ್ನೆಲ್ಲಿ? ಯಕೃತ್ತಿನ ತೊಂದರೆ ಇರುವವರ ಮನೆಗೆ ನಾನಂತೂ ಈ ಬಳ್ಳಿಯನ್ನು ಹೇಳುವುದಿಲ್ಲ.

ಮಾಚಿಪತ್ರೆ, ಮತ್ತು ಅದರ ವಿಲಾಯಿತಿ ನೆಂಟ

ಗಣೇಶನ ಇಪ್ಪತ್ತೊಂದು ಪತ್ರೆಯಲ್ಲಿ ಮೊದಲ ಹೆಸರು ಇದರದು. ದೇವರಾಜ ಮಾರುಕಟ್ಟೆಯ ಹೂವಿನ ಸಾಲಿನಲ್ಲಿ ಕಾಕಡ, ಕನಕಾಂಬರದ ನಡುವೆ ಬೂದು-ಹಸಿರಾಗಿ ಕಟ್ಟಿರುತ್ತಾರಲ್ಲ, ಅದೇ. ಕಹಿ ಇದೆ, ಆದರೆ ಜನ ಬೆಳೆಸುವುದು ಪರಿಮಳಕ್ಕೆ. ಬೇರಿನಿಂದಲೇ ಮರಿ ಹಾಕುತ್ತದೆ, ಒಂದು ಬುಡ ತಂದರೆ ವರ್ಷದಲ್ಲಿ ಕುಂಡ ತುಂಬುತ್ತದೆ. ನೆಲಕ್ಕೆ ಬಿಟ್ಟರೆ ಪಕ್ಕದ ಪಾತಿಗೂ ಕಾಲು ಚಾಚುತ್ತದೆ, ಕುಂಡದಲ್ಲೇ ಇಡಿ. ತುದಿ ಚಿವುಟುತ್ತಿದ್ದರೆ ಗುಂಪಾಗಿರುತ್ತದೆ, ಬಿಟ್ಟರೆ ಕಡ್ಡಿಯಾಗಿ ಉದ್ದ ಹೋಗುತ್ತದೆ. ಕಷಾಯದ ಆಸೆಯಿಂದ ಇದನ್ನು ಆರಿಸಬೇಡಿ. ಮಲೇರಿಯಾ ಔಷಧ ಇದರಿಂದಲೇ ಮಾಡಿದ್ದು ಅಂತ ಒಬ್ಬರು ನನ್ನ ಹತ್ತಿರ ವಾದಕ್ಕೆ ನಿಂತಿದ್ದರು. ಅದು ಚೀನಾದ ಟು ಯೂಯೂ ಅವರ ಆರ್ಟೆಮಿಸಿನಿನ್. 2015ರಲ್ಲಿ ಅವರಿಗೆ ನೊಬೆಲ್ ಬಂತು. ಅದನ್ನು ತೆಗೆದದ್ದು ಇದೇ ಕುಲದ ಬೇರೆ ಗಿಡದಿಂದ.

ಇದರ ನೆಂಟ ವರ್ಮ್‌ವುಡ್ ಬಗ್ಗೆ ಆನ್‌ಲೈನ್ ಬೀಜದ ಚೀಟಿ ನೋಡಿ ಕೇಳುವವರು ಜಾಸ್ತಿಯಾಗಿದ್ದಾರೆ. ಬೆಳ್ಳಿಯಂಥ ಎಲೆ, ಚಿತ್ರದಲ್ಲಿ ಬಹಳ ಚೆಂದ. ಅದು ಯುರೋಪಿನ ತಂಪು-ಒಣ ಹವೆಗೆ ಹುಟ್ಟಿದ್ದು. ಫ್ರಾನ್ಸಿನಲ್ಲಿ 1915ರಲ್ಲಿ ನಿಷೇಧವಾದ ಆಬ್ಸಿಂತ್ ಮದ್ಯಕ್ಕೆ ಹಾಕುತ್ತಿದ್ದ ಕಹಿ ಇದೇ. ನನ್ನದು ಮೇ ಬಿಸಿಲನ್ನು ಹೇಗೋ ತಡೆದುಕೊಂಡಿತು, ಅಕ್ಟೋಬರಿನ ಹಸ್ತ-ಚಿತ್ತೆ ಮಳೆಗೆ ಬುಡ ಕಪ್ಪಾಗಿ ಒಂದೇ ವಾರದಲ್ಲಿ ಮಲಗಿತು. ಮತ್ತೊಮ್ಮೆ ಪ್ರಯತ್ನಿಸುವವರು ಅರ್ಧಕ್ಕರ್ಧ ಮರಳು-ಜಲ್ಲಿ ಬೆರೆಸಿದ ಮಣ್ಣು, ಮಳೆ ತಾಗದ ಸೂರಿನಂಚು ನೋಡಿಕೊಳ್ಳಿ. ಅಂದಕ್ಕೆ ಮಾತ್ರ, ಹೊಟ್ಟೆಗಲ್ಲ. ಮಂಡ್ಯದ ನಾಲೆ ಬಯಲಿನವರಿಗೆ ಈ ಸಾಹಸವೂ ಬೇಡ.

ಕೇಳದೆಯೇ ಬರುವ ಉಳಿದವು

ನೆಲನೆಲ್ಲಿಯನ್ನು ಯಾರೂ ನೆಡಬೇಕಿಲ್ಲ, ಪ್ರತಿ ಕುಂಡದಲ್ಲೂ ತಾನೇ ಹುಟ್ಟುತ್ತದೆ. ಎಲೆಯ ಕೆಳಗೆ ಸಾಲಾಗಿ ಸಣ್ಣ ಕಾಯಿ ಕಂಡರೆ ಕೀಳದೆ ಬಿಡಿ, ಸಾಕು. ನಾಗದಾಳಿ ಬಾಣಂತಿ ಮನೆಯ ಗಿಡ. ಅದರ ರಸ ತಾಗಿದ ಚರ್ಮಕ್ಕೆ ಬಿಸಿಲು ಬಿದ್ದರೆ ಬೊಬ್ಬೆ ಏಳುತ್ತದೆ, ಓಡಾಡುವ ಮಕ್ಕಳಿದ್ದ ಮನೆಯಲ್ಲಿ ಎತ್ತರದಲ್ಲಿಡಿ. ಮಧುನಾಶಿನಿ ಬಳ್ಳಿ ಬೆಳೆಯುವುದು ನಿಧಾನ, ಆದರೆ ತಮಾಷೆಗೆ ಒಂದು ಇರಲಿ: ಎರಡು ಎಲೆ ಚೆನ್ನಾಗಿ ಅಗಿದು ಮೈಸೂರು ಪಾಕ್ ಬಾಯಿಗೆ ಹಾಕಿಕೊಳ್ಳಿ. ತುಪ್ಪ ಗೊತ್ತಾಗುತ್ತದೆ, ಕಡಲೆಹಿಟ್ಟು ಗೊತ್ತಾಗುತ್ತದೆ, ಸಿಹಿ ಮಾತ್ರ ಎಲ್ಲಿಗೋ ಹೋಗಿರುತ್ತದೆ. ಬರೀ ಸಕ್ಕರೆ ತಿಂದರೆ ಮರಳು ಜಗಿದ ಹಾಗೆ. ಸಕ್ಕರೆ ಮಾತ್ರೆಯ ಬದಲು ಇದನ್ನು ತಿನ್ನುತ್ತೇನೆ ಅನ್ನುವವರ ಜೊತೆ ಮಾತ್ರ ನಾನು ವಾದಕ್ಕಿಳಿಯುತ್ತೇನೆ.

ಹಾಗಾದರೆ ಯಾರಿಗೆ ಯಾವುದು

ತಾರಸಿ ಮಾತ್ರ ಇರುವವರು, ಬಾಡಿಗೆ ಮನೆಯವರು ನೆಲಬೇವು ಹಾಕಿ. ಎರಡು ಗ್ರೋ ಬ್ಯಾಗು, ಒಂದು ಚಿಟಿಕೆ ಬೀಜ, ಏಳೆಂಟು ತಿಂಗಳ ಕೆಲಸ. ಮನೆ ಬದಲಾಯಿಸಿದರೂ ಬಾಟಲಿಯಲ್ಲಿ ಒಣಸೊಪ್ಪು, ಪೊಟ್ಟಣದಲ್ಲಿ ಬೀಜ ಜೊತೆಗೆ ಬರುತ್ತದೆ. ಏಪ್ರಿಲ್‌ನಲ್ಲಿ ತಾರಸಿ ಕಾದಾಗ ಅದು ಇರುವುದೇ ಇಲ್ಲವಾದ್ದರಿಂದ ನೀರಿನ ತಲೆನೋವೂ ಇಲ್ಲ. ಅದಕ್ಕೇ ನಾನು ಅದರ ಒಂದು ವರ್ಷದ ಆಯಸ್ಸನ್ನು ಪೂರಾ ಕೊರತೆ ಅಂತಲೂ ಹೇಳಲಾರೆ.

ವಾರಕ್ಕೆ ಐದು ದಿನ ಬೆಂಗಳೂರಿಗೆ ರೈಲಿನಲ್ಲಿ ಓಡಾಡುವವರು, ಗಿಡಕ್ಕೆ ನೀರು ಹಾಕುವುದು ನೆನಪಾದಾಗ ಅನ್ನುವವರು ನೆಲದಲ್ಲಿ ಒಂದು ಆಡುಸೋಗೆ ನೆಟ್ಟು ನೆಮ್ಮದಿಯಾಗಿರಿ. ಮನೆಯಲ್ಲಿ ಬಸುರಿ ಇದ್ದರೆ ಗಿಡ ಇದ್ದರೂ ಪರವಾಗಿಲ್ಲ, ಅದರ ಕಷಾಯ ಅಡಿಗೆಮನೆಗೆ ಬರದ ಹಾಗೆ ನೋಡಿಕೊಂಡರಾಯಿತು.

ಹಿತ್ತಲು, ಮರ, ತಾಳ್ಮೆ ಮೂರೂ ಇರುವವರು ಅಮೃತಬಳ್ಳಿಗೆ ಕೈ ಹಾಕಿ, ಬಳ್ಳಿಯ ಮೂಲ ಗೊತ್ತಿದ್ದರೆ. ಗೊತ್ತಿಲ್ಲದಿದ್ದರೆ ಬೇಡ. ಎರಡು ವರ್ಷ ಸಾಕಿ ಆಮೇಲೆ ಅನುಮಾನದಲ್ಲಿ ಕುಡಿಯುವುದಕ್ಕಿಂತ ಆ ಮರದಡಿ ನೆಲಬೇವು ಚೆಲ್ಲುವುದು ಲೇಸು, ಅರೆನೆರಳು ಅದಕ್ಕೆ ಹೇಗೂ ಒಪ್ಪಿತ. ಪೂಜೆ ಜೋರಾಗಿರುವ ಮನೆಗೆ ಮಾಚಿಪತ್ರೆಯ ಒಂದು ಕುಂಡ, ವರ್ಷವಿಡೀ ಮಾಲೆಗೆ ಆಯಿತು.

ಒಂದೇ ಒಂದು ಗಿಡ ಹೇಳಿ ಅಂದರೆ ಮೈಸೂರಿನ ಸೈಟಿಗೆ ನೆಲಬೇವು, ಮಂಡ್ಯದ ಹಳ್ಳಿಗೆ ಆಡುಸೋಗೆ ಅನ್ನುತ್ತೇನೆ. ಮಂಡ್ಯದ ಜೌಗು ಹಿತ್ತಲಲ್ಲಿ ನೆಲಬೇವಿಗಿಂತ ಆಡುಸೋಗೆ ಹೆಚ್ಚು ತಡೆದುಕೊಂಡದ್ದನ್ನು ಕಣ್ಣಾರೆ ನೋಡಿದ್ದೇನೆ. ಆದರೂ ಏರುಮಡಿ ಮಾತ್ರ ಬಿಡಬೇಡಿ.

ಓರಗಿತ್ತಿಗೆ ಅವತ್ತು ಹೇಳಿದ್ದು, ನರ್ಸರಿಯಿಂದ ಬರಿಗೈಯಲ್ಲಿ ಮನೆಗೆ ಹೋಗು ಅಂತ. ಅವಳದು ಮಹಡಿ ಮನೆ, ಕೆಳಗೆ ಮಾಲೀಕರ ಕಾರು ನಿಲ್ಲುತ್ತದೆ, ಪೂರ್ವಕ್ಕೊಂದು ಬಾಲ್ಕನಿ, ಹನ್ನೊಂದು ಗಂಟೆವರೆಗೆ ಬಿಸಿಲು. ಈ ಭಾನುವಾರ ಬರುತ್ತಿದ್ದಾಳೆ. ಹೋದ ವರ್ಷದ ಎರಡು ಗಿಡದ ಬೀಜವನ್ನು ಹಳೆಯ ಲಗ್ನಪತ್ರಿಕೆಯ ಕವರಿನಲ್ಲಿ ಹಾಕಿಟ್ಟಿದ್ದೇನೆ, ಜೊತೆಗೆ ಒಂದು ಬೊಗಸೆ ಮರಳು.